ಬುಟ್ಟಿ ಹೊತ್ತಾಕಿ

"ಏ ಬೇ, ಅಲ್ಲೇ ನಿಂದ್ರು! ದೇವರ ಜಗಲಿಗೆ ಏರೋ ಹೂವು ಅವು. ಕೇರಿಯಾಕಿ ತಲಿಮ್ಯಾಲ ಹೊತ್ಕೊಂಡು ಸೀದಾ ಒಳಗ ಬರಾಕತ್ತೀಯಲ್ಲ, ಕಣ್ಣು ನೆತ್ತಿಗಿ ಹತ್ಯಾವೇನು?"

ಮ್ಯಾನೇಜರ್ ಹಂಪಯ್ಯ ಆಫೀಸಿನ ಹೊಸ್ತಿಲಲ್ಲಿ ನಿಂತು ಕೂಗಿದ. ಗುಮಾಸ್ತರು, ಜೀಪಿನ ಡ್ರೈವರ್, ಬಿಲ್ಲು ಹಿಡಿದು ಕಾದಿದ್ದ ಕಲ್ಲುಗಣಿಯವರು ಎಲ್ಲರೂ ತಿರುಗಿ ನೋಡಿದರು. ಗೇಟಿನಲ್ಲಿ ಕಾವಲುಗಾರ ಎಲ್ಲಿಯವಳೆಂದು ಕೇಳಿದ್ದಕ್ಕೆ ಮಾನ್ವಿಯ ತನ್ನ ಕೇರಿಯ ಹೆಸರು ಹೇಳಿದ್ದೇ ಆ ಹೆಂಗಸಿನ ತಪ್ಪಾಗಿತ್ತು. ಒಳಗಿಟ್ಟ ಎರಡು ಹೆಜ್ಜೆಯನ್ನು ಅವಳು ಹಿಂದಕ್ಕೆ ತೆಗೆದಳು.

ಜೀಪಿಗೆ ಸಾಮಾನು ಬಿಗಿಯುತ್ತಿದ್ದ ಯಮನೂರಪ್ಪನ ಕೈಯಲ್ಲಿ ಹಗ್ಗ ಹಾಗೇ ಉಳಿಯಿತು. ಅವಳು ಬೂದೆಮ್ಮ, ಅವನ ತಾಯಿ.

ಯಮನೂರಪ್ಪ ಅಂದರೆ ಸಿಟ್ಟಿಗೆ ಹೆಸರಾದವನು. ಏಳನೆಯ ತರಗತಿಯಲ್ಲಿ ಮಾಸ್ತರು ಬಾಗಿಲ ಹೊರಗೆ ಕೂರಿಸಿದರೆಂದು ಅವರ ಕಾಲ ಮುಂದೆಯೇ ಪಾಟಿ ಒಡೆದು, ಮತ್ತೆ ಸಾಲೆಯ ಕಡೆ ತಲೆ ಹಾಕಿರಲಿಲ್ಲ. ರಾಯಚೂರಿಗೆ ಬಂದು ಈ ಕಂಪನಿ ಸೇರುವಾಗ ಮಾನ್ವಿಯವನು ಎಂದಷ್ಟೇ ಹೇಳಿದ್ದ. ಊರೊಳಗೋ ಹೊರಗೋ ಎಂದು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ.

ಶಕ್ತಿನಗರದ ವಿದ್ಯುತ್ ಸ್ಥಾವರದ ಕೆಲಸಕ್ಕೆ ಜಲ್ಲಿ, ಇಟ್ಟಿಗೆ ಒದಗಿಸುವ ಕಂಪನಿ ಅದು. ಉಳಿದ ಗುತ್ತಿಗೆದಾರರು ಸಾಹೇಬರ ಮನೆಗೆ ಬಾಟಲಿ ಕಳಿಸಿ, ಪೇಡೆಯ ಡಬ್ಬಿ ಕಳಿಸಿ ಬೈಸಿಕೊಂಡು ಬರುತ್ತಿದ್ದಾಗ, "ಹೂ ಕಳಸ್ರಿ, ಹೂವಿಗೆ ಯಾರೂ ಒಲ್ಲೆ ಅನ್ನಂಗಿಲ್ಲ" ಎಂದವನು ಇವನೇ. ಮಾತು ನಾಟಿತು. ದೇವದುರ್ಗದ ಕಾಲುವೆ ಆಫೀಸಿನಿಂದ ಹಿಡಿದು ಶಕ್ತಿನಗರದ ಕ್ವಾರ್ಟರ್ಸಿನವರೆಗೆ ಹಬ್ಬಕ್ಕೊಂದು, ವರ್ಗಾವಣೆಗೊಂದು, ಬಡ್ತಿಗೊಂದು ಮಾಲೆ. ಕಂಪನಿ ಎಂದರೆ ಜಲ್ಲಿಗಿಂತ ಮೊದಲು ಸೇವಂತಿಯ ವಾಸನೆ ನೆನಪಾಗುವಂತಾಯಿತು. ಮಾಲೆ ಎಲ್ಲಿಯದೆಂದರೆ, ಮಾನ್ವಿಯ ಹೂಗಾರರ ಮನೆಯದೆಂದು ಯಮನೂರಪ್ಪ ಹೇಳಿಬಿಟ್ಟಿದ್ದ. ಕಟ್ಟುತ್ತಿದ್ದವಳು ಬೂದೆಮ್ಮ. ಹೂಗಾರರ ತೋಟದಲ್ಲಿ ಕಳೆ ಕೀಳುತ್ತ ಕೀಳುತ್ತ ನೋಡಿ ಕಲಿತ ಕೈ. ಬೆಳಗಿನ ಬಸ್ಸಿನ ಕಂಡಕ್ಟರನ ಕೈಗೆ ಬುಟ್ಟಿ ಕೊಟ್ಟು ಕಳಿಸುವುದು ವಾಡಿಕೆ. ಇವತ್ತು ಆ ಕಂಡಕ್ಟರ್ ರಜೆ. ಹೂ ಬಾಡೀತೆಂದು ತಾನೇ ಬಂದಿದ್ದಳು.

"ಸಿಟ್ಟಾಗಬ್ಯಾಡ್ರೀ ಯಪ್ಪಾ," ಬೂದೆಮ್ಮ ಬುಟ್ಟಿಯನ್ನು ನೆಲಕ್ಕಿಳಿಸಿದಳು. "ಮಾಲಿ ಹೂಗಾರ ಮನ್ಯಾಗ ಕಟ್ಟ್ಯಾರ್ರಿ. ನಾ ಬರೀ ಬುಟ್ಟಿ ಹೊತ್ತಾಕಿ. ಬಾಳಿ ಎಲಿ ಮುಚ್ಚೇದ ನೋಡ್ರಿ. ಹೂ ಮುಟ್ಟಿಲ್ರಿ."

ಹಾಗೆನ್ನುತ್ತ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಉಗುರ ಸಂದಿಯ ಹಸಿರು ಯಮನೂರಪ್ಪನಿಗೆ ಕಂಡಿತು.

"ಏನಲೇ ಯಮನೂರ, ಖರೇ ಏನು? ಹೂಗಾರ ಮನೀವೇ ಹೌದಲ್ಲೋ?"

"ಹೌದ್ರಿ."

"ಈಕಿನ ಗುರ್ತದ ಏನು ನಿನಗ?"

ಯಮನೂರಪ್ಪನ ನಾಲಿಗೆ ಏಳುವ ಮೊದಲೇ ಬೂದೆಮ್ಮ ಅಂದಳು: "ಅವ್ರಿಗೆಲ್ಲಿ ಗುರ್ತರೀ ನಂದು." ಬುಟ್ಟಿಯನ್ನು ಅವನತ್ತ ಸರಿಸಿದಳು. "ತಗೋರಿ. ಬಿಸಲಿಗಿ ಇಡಬ್ಯಾಡ್ರಿ."

ರೀ. ಹೆತ್ತವಳ ಬಾಯಿಂದ ಅವನಿಗೆ ಬಂದ ಮೊದಲ ರೀ. ಮಾಸ್ತರನಿಗೆ ಹೆದರದ ಸಿಟ್ಟು ಎಲ್ಲಿ ಹೋಗಿ ಸತ್ತಿತೋ, ಅವನು ಬಗ್ಗಿ ಬುಟ್ಟಿ ಎತ್ತಿಕೊಂಡ. ಹಂಪಯ್ಯ ತಂಬಿಗೆಯ ನೀರು ಚಿಮುಕಿಸಿ ಹೂವನ್ನು ಶುದ್ಧ ಮಾಡಿದ. ಒಬ್ಬ ಗುಮಾಸ್ತ ನಕ್ಕ. ಬರಿಗಾಲಲ್ಲಿ ಬಸ್‌ಸ್ಟ್ಯಾಂಡಿನ ಕಡೆ ಹೊರಟವಳನ್ನು 'ನೀರು ಕುಡಿದು ಹೋಗು' ಎಂದು ಕೂಡ ಯಮನೂರಪ್ಪ ಕರೆಯಲಿಲ್ಲ.

ಜೀಪಿನಲ್ಲಿ ಶಕ್ತಿನಗರದ ದಾರಿಯುದ್ದಕ್ಕೂ ಹಂಪಯ್ಯ ಮಾತಾಡಿದ. ಹೊಸ ಇಂಜಿನಿಯರ್ ಸಾಹೇಬರು ಮೈಸೂರು ಕಡೆಯವರು, ಇವತ್ತು ಕ್ವಾರ್ಟರ್ಸಿನಲ್ಲಿ ಹಾಲು ಉಕ್ಕಿಸುತ್ತಾರೆ, ಈ ಗುತ್ತಿಗೆಯೊಂದು ಕೈಗೆ ಬಂದರೆ ಯಮನೂರಪ್ಪನನ್ನು ಸೂಪರ್‌ವೈಜರ್ ಮಾಡುವ ಮಾತು. ಹಿಂದಿನ ಸೀಟಿನಲ್ಲಿ ಯಮನೂರಪ್ಪ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡಿದ್ದ. ಎಲೆಯಡಿಯಿಂದ ಮರುಗದ ವಾಸನೆ ಬರುತ್ತಿತ್ತು.

ಸಾಹೇಬರ ಹೆಂಡತಿ ಮಾಲೆಯನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡರು. ದೇವರ ಪಟಕ್ಕೆ ತಾವೇ ಏರಿಸಿ ಬಂದರು. ಹಂಪಯ್ಯನ ಮುಖ ಬೆಳಗಿತು.

"ಎಷ್ಟು ಒತ್ತಾಗಿ ಕಟ್ಟಿದ್ದಾರಪ್ಪ! ಒಂದು ಹೂವೂ ಅಲ್ಲಾಡಲ್ಲ. ನಮ್ಮ ಕಡೆ ಇಷ್ಟು ಚೆನ್ನಾಗಿ ಕಟ್ಟೋ ಕೈನೇ ನಾನು ನೋಡಿಲ್ಲ. ಯಾರು ಕಟ್ಟಿದ್ದು?"

"ಮಾನ್ವಿ ಹೂಗಾರ ಮಂದೀರಿ ಅಮ್ಮಾರ," ಹಂಪಯ್ಯ ಮುಂದೆ ಬಂದ. "ನಮ್ಮ ಕಂಪನಿಗೆಂದೇ ಮಡಿಯಿಂದ ಕಟ್ಟತಾರ."

"ನೀವಲ್ಲ, ತರೋನು ಈ ಹುಡುಗ ತಾನೆ? ಅವನೇ ಹೇಳಲಿ." ಆಕೆ ಯಮನೂರಪ್ಪನ ಕಡೆ ತಿರುಗಿ ನಕ್ಕರು. "ಮುಂದಿನ ತಿಂಗಳು ಮೊಮ್ಮಗುವಿನ ನಾಮಕರಣ. ಆಯಮ್ಮನ್ನ ಇಲ್ಲಿಗೇ ಕರೆಸಿ, ಪಕ್ಕದಲ್ಲಿ ಕೂರಿಸಿಕೊಂಡು ಕಟ್ಟಿಸ್ತೀನಿ. ಹೆಸರೇನಪ್ಪ ಅವರದು?"

ಹೇಳಿದರೆ ಆ ಮಾಲೆ ಪಟದ ಮೇಲೆ ಉಳಿಯುವುದಿಲ್ಲ, ಅವನ ಕೆಲಸ ಉಳಿಯುವುದಿಲ್ಲ. ಹೂಗಾರರ ಯಾವಳೋ ಒಬ್ಬಳ ಹೆಸರು ಹೇಳಿದರೆ ಎಲ್ಲವೂ ಉಳಿಯುತ್ತದೆ. ಬೆಳಿಗ್ಗೆ ಅವನ ಪರವಾಗಿ ಸುಳ್ಳು ಹೇಳಲು ತಾಯಿ ಇದ್ದಳು.

"ಹೇಳಲೇ, ಬಾಯಾಗೇನು ಅವಲಕ್ಕಿ ಅದಾವೇನು?" ಹಂಪಯ್ಯ ಮೊಣಕೈಯಿಂದ ತಿವಿದ.

ಯಮನೂರಪ್ಪ ಖಾಲಿ ಬುಟ್ಟಿ ಎತ್ತಿಕೊಂಡ. ಮೆಟ್ಟಿಲಿಳಿದು ಜೀಪು ದಾಟಿದ. "ಲೇ ಯಮನೂರ! ಎಲ್ಲಿಗಲೇ?" ಎನ್ನುವ ಕೂಗು ಕಾಂಪೌಂಡಿನವರೆಗೆ ಬಂದು ನಿಂತಿತು.

ಹೆದ್ದಾರಿಯಲ್ಲಿ ಸಿಮೆಂಟಿನ ಲಾರಿಗಳು ಧೂಳೆಬ್ಬಿಸಿಕೊಂಡು ಓಡುತ್ತಿದ್ದವು. ರಾಯಚೂರಿನ ಬಸ್ಸೊಂದು ಅವನ ಪಕ್ಕದಲ್ಲೇ ನಿಧಾನಿಸಿತು. ಅವನು ಕೈ ಅಡ್ಡ ಹಿಡಿಯದೆ, ಬುಟ್ಟಿ ಹೊತ್ತು ಮಾನ್ವಿಯ ದಿಕ್ಕಿಗೆ ನಡೆಯುತ್ತಲೇ ಇದ್ದ. ಬಸ್ಸು ಒಮ್ಮೆ ಹಾರನ್ ಹೊಡೆದು ಮುಂದೆ ಹೋಯಿತು.