ರೋಮನ್ ಸಿಪಾಯಿಯ ಕಾಲು

ಐವತ್ತೇಳನೇ ವಯಸ್ಸಿನಲ್ಲಿ ರೋಮನ್ ಸಿಪಾಯಿ ಆಗುವ ಕರ್ಮ ನನ್ನ ವೈರಿಗೂ ಬೇಡ. ಅಮೆರಿಕದ ಜಾರ್ಜಿಯಾದ ಜುಲೈ ಬಿಸಿಲು, ತಲೆ ಮೇಲೆ ಹೆಲ್ಮೆಟ್, ಎದೆಗೆ ತಗಡು. ಎದುರಿಗೆ ಥರ್ಮೋಕೋಲಿನ ಕೋಟೆ. ಅದು ರೋಮ್ ಸಾಮ್ರಾಜ್ಯದ ಗಡಿಯಂತೆ. ಆಚೆ ಕಾಡುಜನ, ಈಚೆ ನಾವು. ಅಟ್ಲಾಂಟಾ ಸುತ್ತ ಸಿನಿಮಾ ತೆಗೆಯುವವರಿಗೆ ಗುಂಪಿನಲ್ಲಿ ನಿಲ್ಲುವ ಜನ ಬೇಕು. ಕೆಲಸ ಹೋಗಿ ಎಂಟು ತಿಂಗಳಾದ ನನಗೆ ಮನೆಯಿಂದ ಹೊರಬೀಳುವ ನೆಪ ಬೇಕು. "ರೀ, ಸೋಫಾ ಮೇಲೆ ನಿಮ್ಮ ಅಚ್ಚು ಬಿದ್ದಿದೆ, ಎಲ್ಲಾದ್ರೂ ಹೋಗಿ ಬನ್ನಿ" ಎಂದಿದ್ದಳು ಹೆಂಡತಿ ಸಿದ್ದೇಶ್ವರಿ.

ಈ ಕೆಲಸಕ್ಕೆ ಕರೆತಂದವನು ಜಮೀಲ್. ಮೈಸೂರಿನವನು, ನಾರ್‌ಕ್ರಾಸ್‌ನಲ್ಲಿ ನಮ್ಮ ಪಕ್ಕದ ಬೀದಿ. ಹಿಂದೆ ನನ್ನ ಟೀಮಿನಲ್ಲಿದ್ದ. ಲೇಆಫ್ ಬಂದಾಗ, ಕೆಲಸದಿಂದ ತೆಗೆಯಲು ಒಂದು ಹೆಸರು ಕೊಡಿ ಎಂದರು ಮೇಲಿನವರು. ಅವನ ಹೆಸರು ಕೊಟ್ಟೆ. ಎರಡೇ ತಿಂಗಳಿಗೆ ನನ್ನನ್ನೂ ಕಳಿಸಿದರು. ಹೆಸರು ಕೊಟ್ಟವನು ನಾನೆಂದು ಅವನಿಗೆ ಗೊತ್ತಿಲ್ಲವೆಂದುಕೊಂಡಿದ್ದೆ. ದಿನಾ ಬೆಳಗ್ಗೆ ಅವನೇ ಕಾರು ತಂದು ಹತ್ತಿಸಿಕೊಳ್ಳುತ್ತಿದ್ದ. ಮಾತು ಬಾಯಿವರೆಗೂ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ.

ಅವತ್ತು ನನಗೊಂದು ಡೈಲಾಗ್ ಸಿಕ್ಕಿತು. ಕಾಡುಜನರ ಹೆಣ ತುಳಿದುಕೊಂಡು ಓಡಿ, ಕೋಟೆ ಬಾಗಿಲಲ್ಲಿ ನಿಂತು "ಅವರು ಬರುತ್ತಿದ್ದಾರೆ!" ಎಂದು ಇಂಗ್ಲಿಷಿನಲ್ಲಿ ಕೂಗಬೇಕು. ಅಷ್ಟೇ. ಆದರೆ ಕ್ಯಾಮೆರಾ ನನ್ನ ಮುಖದ ಮೇಲೆ. ಎಂಟು ತಿಂಗಳಲ್ಲಿ ಯಾರಾದರೂ ನಾನೇ ಬೇಕು ಎಂದದ್ದು ಅದೇ ಮೊದಲು. ಏನೇ ಆಗಲಿ, ಇದನ್ನು ಕಳೆದುಕೊಳ್ಳಬಾರದೆಂದು ಹಟ ಬಂತು.

ಹೆಣವಾಗಿ ಮಲಗಿದ್ದವನು ಜಮೀಲ್.

ಮೊದಲ ಟೇಕ್. ಓಡಿದೆ, ಅವನ ಎದೆ ಮೇಲೆ ಕಾಲಿಟ್ಟೆ. ಕೈ ತಾನಾಗಿ ಕೆಳಗೆ ಹೋಗಿ, ಅವನನ್ನು ಮುಟ್ಟಿ, ನನ್ನ ಕಣ್ಣಿಗೊತ್ತಿಕೊಂಡಿತು. "ಕಟ್!" ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಹುಟ್ಟುಗುಣ ಸುಟ್ಟರೂ ಹೋಗದು. ಚಿಕ್ಕಂದಿನಲ್ಲಿ ಯಾರಿಗಾದರೂ ಕಾಲು ತಾಗಿ ಮುಟ್ಟಿ ನಮಸ್ಕರಿಸದಿದ್ದರೆ ಅವ್ವ ತಲೆಗೆ ಮೊಟಕುತ್ತಿದ್ದಳು. ಅದನ್ನು ಈ ಅಸಿಸ್ಟೆಂಟ್ ಡೈರೆಕ್ಟರಮ್ಮನಿಗೆ ಹೇಗೆ ಹೇಳುವುದು? ರೋಮನ್ನರು ಹೆಣಕ್ಕೆ ಕೈಮುಗಿಯುವುದಿಲ್ಲ, ಇನ್ನೊಂದೇ ಸಲ, ಆಮೇಲೆ ಡೈಲಾಗ್ ಬೇರೆಯವರಿಗೆ ಎಂದಳು.

ಬಗ್ಗಿ ಕೇಳಿದೆ. "ನೋವಾಯ್ತೇನಪ್ಪಾ?"

ಜಮೀಲ್ ಕಣ್ಣು ತೆರೆಯಲಿಲ್ಲ. "ಇಲ್ಲ ಸಾರ್. ಆಫೀಸಲ್ಲಿ ಒಂದೇ ಟೇಕಲ್ಲಿ ಮುಗಿಸಿದ್ರಲ್ಲ. ಇಲ್ಯಾಕೆ ಇಷ್ಟು ಕಷ್ಟ ಪಡ್ತಿದ್ದೀರಾ?"

ಅಯ್ಯೋ ಶಿವನೇ. "ನಿಂಗೆ ಗೊತ್ತಿತ್ತಾ?"

"ಅವತ್ತೇ ಗೊತ್ತಾಯ್ತು. ಹೋಗಿ ಸಾರ್, ಕರೀತಿದ್ದಾರೆ."

ನಾಲ್ಕನೇ ಟೇಕ್. ಓಡಿದೆ, ಕಾಲಿಟ್ಟೆ. ಆಶ್ಚರ್ಯವೆಂದರೆ ಈ ಸಲ ಕೈ ತಾನಾಗಿ ಹೋಗಲಿಲ್ಲ; ಅದಕ್ಕೂ ಸಾಕಾಗಿತ್ತೋ ಏನೋ. ಬಾಗಿಲು ನಾಲ್ಕೇ ಹೆಜ್ಜೆ. ಕೂಗಿದ್ದರೆ ಮುಗಿಯುತ್ತಿತ್ತು. ನಿಂತೆ. ಹಿಂದೆ ಬಂದು, ತಗಡಿನ ಭಾರದಲ್ಲಿ ಮಂಡಿಯೂರಿ, ಎರಡೂ ಕೈಯಿಂದ ಅವನ ಎದೆ ಮುಟ್ಟಿದೆ. "ತಪ್ಪಾಯ್ತು ಜಮೀಲ್. ಹೆಸರು ಕೊಟ್ಟಿದ್ದು ನಾನೇ."

"ಕಟ್!"

ಡೈಲಾಗ್ ಇನ್ನೊಬ್ಬನ ಪಾಲಾಯಿತು. ನನ್ನ ಹೆಲ್ಮೆಟ್ ಬಿಚ್ಚಿಸಿ, ಹರಕು ಕಂಬಳಿ ಹೊದಿಸಿ, ಹೆಣಗಳ ಸಾಲಿಗೆ ಕಳಿಸಿದರು. ಜಮೀಲ್ ಸ್ವಲ್ಪ ಸರಿದು ಜಾಗ ಕೊಟ್ಟ.

"ಮಲ್ಕೊಳ್ಳಿ ಸಾರ್. ನಾಳೆ ಸಿಕ್ಸ್‌ಗೇ ಪಿಕ್ ಮಾಡ್ತೀನಿ" ಎಂದು ಮತ್ತೆ ಕಣ್ಣು ಮುಚ್ಚಿದ.