ಕೆಂಪು ಬಣ್ಣದ ಗುರುತು

ಭೂವಿಜ್ಞಾನಿ ಬೊನ್ಸಿಲೆ ಬಂಡೆಗೆ ಸುತ್ತಿಗೆ ಎತ್ತುವಷ್ಟರಲ್ಲಿ ಮೇಲಿನಿಂದ ನಗು ಕೇಳಿಸಿತು.

“ಅಲ್ಲಿ ಯಾಕೆ ಹೊಡೀತೀಯೇ? ಓದಿದೋರಿಗೆ ಕಣ್ಣಿರಲ್ವಾ?”

ಲಾಮಗಗುಲಾ. ಪಿಗ್ಸ್ ಪೀಕ್ ಗುಡ್ಡದ ಬಂಡೆ ಒಡೆದು ರಸ್ತೆಗೆ ಜಲ್ಲಿ ಮಾಡುತ್ತ ಮೂವತ್ತು ವರ್ಷ ಕೈ ಸವೆಸಿದವಳು.

“ಗುರುತು ಇಲ್ಲೇ ಇದೆಯಲ್ಲ, ಅವ್ವಾ.”

ಹೊರದೇಶದ ಪ್ರೊಫೆಸರು ಹಿಂದೆಂದೋ ಬಳಿದ ಕೆಂಪು ಬಣ್ಣದ ವೃತ್ತ ಅದು. ಇಲ್ಲಿನ ಕಲ್ಲಿಗೆ ಮುನ್ನೂರ ಹತ್ತು ಕೋಟಿ ವರ್ಷ ಎಂದು ಅವರು ಬರೆದರು, ಲೋಕ ತಲೆದೂಗಿತು. ಇದು ಇನ್ನೂ ಹಳೆಯದೆಂದು ಬೊನ್ಸಿಲೆಯ ಹಟ. ಎರಡು ಸಲ ಇದೇ ವೃತ್ತದ ಕಲ್ಲನ್ನು ಪರೀಕ್ಷೆಗೆ ಒಯ್ದಳು, ಎರಡು ಸಲವೂ ಅದೇ ಲೆಕ್ಕ ಬಂತು. ಇದು ಕೊನೆಯ ಸಲ. ಈಗಲೂ ತಪ್ಪಿದರೆ ಅವಳ ಕೆಲಸ ಪ್ರೊಫೆಸರ ಶಿಷ್ಯರ ಪಾಲು.

“ಅವತ್ತು ಸುತ್ತಿಗೆ ಬೀಸಿದ್ದು ನಾನು ಕಣೇ! ಆಯಪ್ಪನ ಅಂಗೈಗೆ ಬೊಬ್ಬೆ ಬಂದಿತ್ತು. ‘ಎಲ್ಲಿ ಸಲೀಸಾಗಿ ಬಿಡುತ್ತೋ ಅಲ್ಲಿಂದ ಕೊಡು’ ಅಂದ. ಕೊಟ್ಟೆ.”

ಲಾಮಗಗುಲಾ ಇಳಿದುಬಂದು ಹಿಮ್ಮಡಿಯಿಂದ ಹಾವಸೆ ಕೆರೆದಳು. ವೃತ್ತದೊಳಗೆ ಮೊಳದಗಲದ ಗುಲಾಬಿ ಪಟ್ಟೆ, ಬೂದು ಬಂಡೆಯ ಗೆರೆಗಳನ್ನೆಲ್ಲ ಸೀಳಿಕೊಂಡು ಹೋಗಿತ್ತು. ವಯಸ್ಸಿನಲ್ಲಿ ಸೀಳಿದ್ದು ಕಿರಿದು, ಸೀಳಿಸಿಕೊಂಡದ್ದು ಹಿರಿದು. ಮೊದಲ ವರ್ಷದ ಪಾಠ! ಪ್ರೊಫೆಸರೂ ಬೊನ್ಸಿಲೆಯೂ ಒಯ್ದದ್ದು ಈ ಕಿರಿಯ ಗುಲಾಬಿ ಕಲ್ಲನ್ನೇ. ಮೂರು ವರ್ಷ ಅವಳು ನೋಡಿದ್ದು ದೊಡ್ಡವರು ಬಳಿದ ಬಣ್ಣವನ್ನು, ಬಂಡೆಯನ್ನಲ್ಲ.

“ಬೂದುಗಲ್ಲು ಬೇಕು, ಅವ್ವಾ. ಈಗಲೇ!”

“ಕೊಡು ಇಲ್ಲಿ. ನೀನು ಸುತ್ತಿಗೆ ಹಿಡಿಯೋದು ನೋಡಿದ್ರೆ ಗಂಜಿ ತಿರುವೋ ಹಾಗಿದೆ.”

ತಿಂಗಳು ಕಳೆದು ಜೊಹಾನ್ಸ್‌ಬರ್ಗ್‌ನ ಪ್ರಯೋಗಾಲಯದಲ್ಲಿ ಯಂತ್ರ ಗುನುಗುತ್ತಿತ್ತು. ಪುಡಿಗಲ್ಲಿನಿಂದ ಆರಿಸಿದ ಜಿರ್ಕಾನ್ ಹರಳುಗಳಲ್ಲಿ ಎಷ್ಟು ಯುರೇನಿಯಂ ಸೀಸವಾಗಿದೆಯೋ ಅದೇ ವಯಸ್ಸಿನ ಲೆಕ್ಕ. ಯಂತ್ರ ನಡೆಸುವ ಟೆಬೊಗೊ ಕರಿದ ರೊಟ್ಟಿ ಜಗಿಯುತ್ತಿದ್ದವನು ಬಾಯಿ ನಿಲ್ಲಿಸಿದ.

ಮುನ್ನೂರ ಅರವತ್ತಮೂರು ಕೋಟಿ.

“ಇನ್ನೊಂದು ಹರಳು ಹಾಕೋ!” ಪಕ್ಕದಲ್ಲಿದ್ದ ಬೊನ್ಸಿಲೆ ಕೂಗಿದಳು.

“ಹಾಕಿದೀನಿ ಮಾರಾಯ್ತಿ, ಕಿರುಚಬೇಡ.”

ಮುನ್ನೂರ ಅರವತ್ತನಾಲ್ಕು. ಮತ್ತೆ ಅರವತ್ತನಾಲ್ಕು. ಇಪ್ಪತ್ತು ಹರಳುಗಳೂ ಒಂದೇ ಮಾತು ಆಡಿದವು.

“ಐವತ್ತು ಕೋಟಿ ವರ್ಷಾನ ನುಂಗಿ ನೀರು ಕುಡಿದಿದ್ದನಲ್ಲೇ ನಿಮ್ಮ ಪ್ರೊಫೆಸರು!”

ಬೊನ್ಸಿಲೆ ಲಾಮಗಗುಲಾಗೆ ಫೋನು ಹಚ್ಚಿದಳು. “ಅವ್ವಾ, ಈ ಖಂಡದ ನೆಲ ಹೆಪ್ಪುಗಟ್ಟೋಕೆ ಶುರುವಾದಾಗಿನ ಕಲ್ಲು ಅದು!”

“ಹಂಗಾದ್ರೆ ನಾನು ಇಷ್ಟು ವರ್ಷ ಪುಡಿಮಾಡಿ ರಸ್ತೆಗೆ ಸುರಿದದ್ದು?”

“ಅದೂ ಅದೇ.”

ಫೋನಿನಲ್ಲಿ ಗುಡ್ಡವೇ ಬಿರಿಯುವಂಥ ನಗು. “ಮಂತ್ರಿ ಕಾರು ಓಡೋದು ಅದರ ಮೇಲೇನಾ! ಇಳಿದು ನಡೀರಿ ಅಂತ ಹೇಳು!”

ಬೊನ್ಸಿಲೆ ವರದಿ ತೆರೆದು ಕಲ್ಲು ತೆಗೆದವರ ಜಾಗದಲ್ಲಿ ಲಾಮಗಗುಲಾಳ ಹೆಸರನ್ನು ತನ್ನ ಹೆಸರಿಗಿಂತ ಮೊದಲು ಬರೆದಳು.

“ಅಚ್ಚಿಗೆ ಕೊಡೋ ಮುಂಚೆ ಪ್ರೊಫೆಸರಿಗೆ ತೋರಿಸಬೇಕಲ್ವಾ?” ಎಂದ ಟೆಬೊಗೊ.

“ಊರೆಲ್ಲ ಓದುವಾಗ ಓದ್ಕೊಳ್ಳಲಿ ಬಿಡು,” ಎಂದು ಅವಳು ವರದಿ ಕಳಿಸುವ ಗುಂಡಿ ಒತ್ತಿದಳು.