ಜಡೆಪ್ಪನ ಮನೆಯ ಹಳೇ ನಕ್ಷೆ

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಮನೆಗಳ ನಕ್ಷೆ ಬರೆದುಕೊಡುವ ಸುಶಮೀಂದ್ರ ಒಂದು ಕಾಗದವನ್ನೂ ಎಸೆದವರಲ್ಲ. ಕಪಾಟಿನಲ್ಲಿ, ಮಂಚದ ಕೆಳಗೆ, ಅಡುಗೆಮನೆಯಲ್ಲೂ ನಕ್ಷೆಯ ಸುರುಳಿಗಳೇ. ಆ ದಿನ ಸಾಸಿವೆ ಡಬ್ಬಿ ತೆಗೆಯಲು ಹೋದ ಹೆಂಡತಿ ಶ್ರೀವಲ್ಲಿಯ ತಲೆಯ ಮೇಲೆ ಯಾರದೋ ಕಲ್ಯಾಣಮಂಟಪ ಉರುಳಿಬಿತ್ತು.

“ಇನ್ನೆಷ್ಟು ವರ್ಷ ಇಟ್ಕೋತೀರಿ ಇವನ್ನ?”

“ಕಟ್ಟಡ ನಿಂತಿರೋ ತನಕ.”

ಅಷ್ಟರಲ್ಲಿ ಸಿರುಗುಪ್ಪದ ಅಕ್ಕಿ ಗಿರಣಿಯ ಜಡೆಪ್ಪ ಏದುಸಿರು ಬಿಡುತ್ತ ಬಂದ.

“ಸಾರ್, ನಮ್ಮನಿ ಪ್ಲಾನು ಇನ್ನೂ ಐತೇನ್ರಿ?”

“ಐತಿ. ಯಾಕ್ರಿ?”

“ಸುಟ್ಟುಬಿಡ್ರಿ! ನನ್ ಹೆಂಡ್ತಿ ಹಿಂದಿನ ಬಸ್ಸಿಗೆ ಬರಾಕತ್ತಾಳ.”

ವಿಷಯ ಇಷ್ಟು. ಕುರುಗೋಡಿನಲ್ಲಿ ಹೊಸ ಮನೆ ಕಟ್ಟಿಸುವ ಮೊದಲು ಜಡೆಪ್ಪನ ಹೆಂಡತಿ ಜಂಬಮ್ಮನಿಗೆ ಹಳೇ ನಕ್ಷೆ ನೋಡಬೇಕಿತ್ತು. ಸಿರುಗುಪ್ಪದ ಮನೆಯ ಮೆಟ್ಟಿಲು ಶುರುವಾಗುವುದೇ ಅಡುಗೆಮನೆಯೊಳಗೆ, ಒಲೆಯ ಪಕ್ಕದಲ್ಲಿ. ಬೀಗರಿರಲಿ, ನೀರಿನ ಟ್ಯಾಂಕು ತೊಳೆಯುವವರಿರಲಿ, ಮಾಳಿಗೆ ಹತ್ತುವವರೆಲ್ಲ ಆಕೆಯ ಸಾರಿನ ಪಾತ್ರೆ ದಾಟಿಯೇ ಹೋಗಬೇಕು. ಯಾಕೆ ಹೀಗೆ ಎಂದು ಕೇಳಿದಾಗಲೆಲ್ಲ ಜಡೆಪ್ಪ, “ಆ ಇಂಜಿನಿಯರ್‌ಗೆ ತಲಿ ಇಲ್ಲ” ಎನ್ನುತ್ತ ಬಂದಿದ್ದ.

ಸುಶಮೀಂದ್ರರ ಮೈಯೆಲ್ಲ ಉರಿಯಿತು. ಅಲ್ಲಿ ಮೆಟ್ಟಿಲು ಬೇಡವೇ ಬೇಡ ಎಂದು ಗೋಗರೆದವರೇ ಅವರು! ನಕ್ಷೆ ಉಳಿಸಲು ಅವರು ಮಂಚದ ಕೆಳಗೆ ನುಗ್ಗಿದರು. ಹರಿದುಹಾಕಲು ಜಡೆಪ್ಪನೂ ಹಿಂದೆಯೇ ನುಗ್ಗಿದ. ಕುಡತಿನಿಯ ಗೋದಾಮು ಹೊರಗೆ ಬಂತು, ತೆಕ್ಕಲಕೋಟೆಯ ಶಾಲೆ ಹೊರಗೆ ಬಂತು. ಕೊನೆಗೆ ಸಿಕ್ಕ ಸುರುಳಿಯನ್ನು ಇಬ್ಬರೂ ಒಂದೊಂದು ತುದಿ ಹಿಡಿದು ಜಗ್ಗತೊಡಗಿದರು.

ಬಾಗಿಲಲ್ಲಿ ಶ್ರೀವಲ್ಲಿಯ ದನಿ ಕೇಳಿಸಿತು: “ಬರ್ರಿ ಜಂಬಮ್ಮ. ಆ ಎರಡು ಜೊತಿ ಕಾಲು ಕಾಣ್ತಾವಲ್ಲ, ಅಲ್ಲೇ ಅದಾರ.”

ಜಂಬಮ್ಮ ಬಗ್ಗಿ, ಇಬ್ಬರ ಕೈಯಿಂದಲೂ ಸುರುಳಿ ಕಿತ್ತುಕೊಂಡು ಬಿಡಿಸಿದಳು. ಮೆಟ್ಟಿಲಿನ ಪಕ್ಕ ಬರೆದಿತ್ತು: ‘ಮಾಲೀಕರ ಹಟದ ಮೇರೆಗೆ. ಕಾರಣ: ಮಾಳಿಗೆಗೆ ಒಯ್ಯುವಾಗ ಮಿರ್ಚಿ ಭಜಿ ಆರಬಾರದು.’ ಕೆಳಗೆ ಜಡೆಪ್ಪನ ಸಹಿ.

“ಮಿರ್ಚಿ?”

“ಬಿಸಿ ಇದ್ರನ ರುಚಿ ಅಲ್ಲೇನಲೇ” ಎಂದಿತು ಮಂಚದ ಕೆಳಗಿನ ದನಿ.

ಮೊದಲು ನಕ್ಕವಳು ಶ್ರೀವಲ್ಲಿ. ಬೈಯಲು ಬಾಯಿ ತೆರೆದ ಜಂಬಮ್ಮನಿಗೂ ನಗು ತಡೆಯಲಾಗಲಿಲ್ಲ.

“ತಪ್ಪಾತ್ರಿ ಸಾರ್, ಇಷ್ಟು ವರ್ಷ ನಿಮಗ ಬೈದೆ. ಇಂಥಾ ಕಾಗದ ಎಷ್ಟು ದಿನ ಇಟ್ಟಿರ್ತೀರಿ?” ಎಂದು ಕೇಳಿದಳು ಜಂಬಮ್ಮ.

ಸುಶಮೀಂದ್ರ ತಲೆಯ ಧೂಳು ಕೊಡವುತ್ತ, “ಕಾನೂನಿನ ಪ್ರಕಾರ…” ಎಂದು ಶುರುಮಾಡಿದರು.

“ಕಾನೂನು ಅತ್ಲಾಗಿರ್ಲಿ. ಈ ಮನಿಷ್ಯಾ ಸುಳ್ಳು ಹೇಳೋದು ಬಿಡೋ ತನಕ ಇಡ್ರಿ.”

ಕುರುಗೋಡಿನ ಮನೆಯ ಕೆಲಸವೂ ಸುಶಮೀಂದ್ರರಿಗೇ ಬಂತು. ಹಾಳೆಹಾಳೆಗೂ ಜಂಬಮ್ಮನೇ ಸಹಿ ಹಾಕಿದಳು. ಜಡೆಪ್ಪ ಹೇಳಿದ್ದನ್ನೂ ಅವರು ಬರೆದುಕೊಂಡರು, ಪೆನ್ಸಿಲ್ಲಿನಲ್ಲಿ, ಪಕ್ಕದಲ್ಲೇ ರಬ್ಬರಿಟ್ಟುಕೊಂಡು.